ಕಾವಿಗೆ ಕೂತ ಚುಕ್ಕೆ

ಎದುರು ಮನೆಯವರು ಗೇಟಿಗೆ ಬಣ್ಣ ಹೊಡೆಸುತ್ತಿದ್ದರು. ಕುಂಚದಲ್ಲಲ್ಲ, ಡಬ್ಬಿಯಿಂದ ಬುಸ್ಸೆಂದು ಚಿಮ್ಮಿಸುವ ಬಣ್ಣ. ಗಾಳಿ ನಮ್ಮ ಮನೆ ಕಡೆಗೇ ಬೀಸುತ್ತಿತ್ತು. ಒಗ್ಗರಣೆ ಇಡುತ್ತಿದ್ದವಳು ಒಲೆ ಆರಿಸಿ ಓಡಿಹೋಗಿ ಕಿಟಕಿಗಳನ್ನೆಲ್ಲ ಮುಚ್ಚಿದೆ. ಅಷ್ಟರಲ್ಲಿ ವಾಸನೆ ಒಳಗೆ ನುಗ್ಗಿಯಾಗಿತ್ತು. ಮುಖ ತೊಳೆದುಕೊಂಡು ಬಂದೆ. ಮನೆಗೆಲಸದ ರತ್ನ "ಅಲರ್ಜಿನಾ ಅಮ್ಮಾ?" ಎಂದು ಕೇಳಿದಳು. ಹೌದು ಎಂದೆ. ನಿಜ ಹೇಳಬೇಕೆಂದರೆ ಅದು ಅಲರ್ಜಿಯಲ್ಲ, ಹೇಸಿಗೆ. ಇಷ್ಟು ವರ್ಷವಾದರೂ ಮೂಗು ಬಿಟ್ಟು ಹೋಗದ ಹೇಸಿಗೆ. ಅದು ನನಗೆ ಅಂಟಿಕೊಂಡದ್ದು ಅಮೆರಿಕದಲ್ಲಿ, ಪಾಲೋ ಆಲ್ಟೋದ ಹಿಂದಿನ ಬೆಟ್ಟಗಳಲ್ಲಿ ಕಳೆದ ಒಂದು ವಸಂತಕಾಲದಲ್ಲಿ.

ಹೆಸರಿನ ಕೊನೆಗೆ ಡಾಟ್ ಕಾಮ್ ಎಂದು ಅಂಟಿಸಿಕೊಂಡ ಯಾವ ಕಂಪೆನಿಗಾದರೂ ಜನ ಕಣ್ಣು ಮುಚ್ಚಿಕೊಂಡು ದುಡ್ಡು ಸುರಿಯುತ್ತಿದ್ದ ವರ್ಷಗಳು ಅವು. ನಾನು ಪ್ರಾಣಿಶಾಸ್ತ್ರ ಓದಿದವಳು. ಅದಕ್ಕೆ ಮುಂಚಿನ ಎರಡು ಚಳಿಗಾಲ ಹಿಮಾಚಲದ ಕಡಿದಾದ ಹುಲ್ಲುಬೆಟ್ಟಗಳಲ್ಲಿ ಚೀರ್ ಎಂಬ ಬೆಟ್ಟದ ಕೋಳಿಯ ಬೆನ್ನು ಹತ್ತಿ ಅಲೆದಿದ್ದೆ. ತೀರಾ ಅಪರೂಪದ ಹಕ್ಕಿ. ಅದರ ಬೆನ್ನಿಗೆ ಹಗುರವಾದ ಪುಟ್ಟ ರೇಡಿಯೊ ಕಟ್ಟಿ, ಎಲ್ಲಿ ಮೇಯುತ್ತದೆ, ಎಲ್ಲಿ ಮಲಗುತ್ತದೆ, ಯಾವ ಇಳಿಜಾರು ಬಿಟ್ಟು ಯಾವುದಕ್ಕೆ ಹೋಗುತ್ತದೆ ಎಂದು ತಿಳಿಯುವ ಕೆಲಸ ನಮ್ಮದು. ಒಂದೊಂದಾಗಿ ರೇಡಿಯೊಗಳು ಕೆಟ್ಟವು, ಯೋಜನೆಯ ಹಣ ಮುಗಿಯಿತು, ಕೆಲಸ ಅರ್ಧಕ್ಕೆ ನಿಂತಿತು. ಕೈಕಟ್ಟಿಕೊಂಡು ಮೈಸೂರಿನಲ್ಲಿ ಕೂತಿದ್ದಾಗ ಚಿಕ್ಕಪ್ಪನ ಮಗಳು ಮಾಲಿನಿಯ ಫೋನು ಬಂತು.

"ಸುಮಕ್ಕಾ, ಪ್ರಸಾದ್ ಕಂಪೆನಿಗೆ ಅರ್ಜೆಂಟಾಗಿ ಒಬ್ಬರು ಹಕ್ಕಿ ಎಕ್ಸ್‌ಪರ್ಟ್ ಬೇಕಂತೆ. ನಿನ್ನ ಕೋಳೀನೇ ಕಣೇ, ಅದೇ ಚೀರ್! ಬಂದ್ಬಿಡು. ನಮ್ಮನೇಲೇ ಇರಬಹುದು."

ಚೀರ್ ಕೋಳಿಗೂ ಕ್ಯಾಲಿಫೋರ್ನಿಯಾಕ್ಕೂ ಎಲ್ಲಿಯ ನಂಟು ಎಂದು ನನಗೆ ಅರ್ಥವಾಗಲಿಲ್ಲ. ಅಲ್ಲಿಗೆ ಹೋದಮೇಲೆ ಗೊತ್ತಾಯಿತು. ಮಾಲಿನಿಯ ಗಂಡ ಪ್ರಸಾದ್ ಒಂದು ಉಪಕರಣ ಮಾಡಿದ್ದ. ಸುತ್ತ ನೆಟ್ಟ ಮೂರು ಕಂಬಗಳು ತಾವಾಗಿಯೇ ರೇಡಿಯೊ ಇರುವ ಜಾಗ ಕಂಡುಹಿಡಿದು, ಇಂಟರ್ನೆಟ್ಟಿನ ನಕ್ಷೆಯ ಮೇಲೆ ಒಂದು ಚುಕ್ಕೆಯಾಗಿ ತೋರಿಸುತ್ತಿದ್ದವು. ಕಳೆದುಹೋದ ನಾಯಿ ಹುಡುಕಲು ಎಂದು ಶುರುಮಾಡಿದ್ದನಂತೆ. ಅವನ ಕಂಪೆನಿಗೆ ಬಂಡವಾಳ ಹಾಕಿದ ಹ್ಯಾಲ್ ಎಂಬ ಧಣಿಗೆ ಅಪರೂಪದ ಕೋಳಿಗಳನ್ನು ಸಾಕುವ ಖಯಾಲಿ. ತನ್ನದೇ ಬೆಟ್ಟದ ಒಂದು ಮಗ್ಗುಲಿಗೆ ಆಳೆತ್ತರದ ಬೇಲಿ ಹಾಕಿಸಿ, ಅದರೊಳಗೆ ಸಾಕಿದ ಚೀರ್ ಕೋಳಿಗಳನ್ನು ಬಿಟ್ಟಿದ್ದ. ಹಾರಿಹೋಗದಿರಲೆಂದು ಅವುಗಳ ಒಂದೊಂದು ರೆಕ್ಕೆಯ ಗರಿ ಕತ್ತರಿಸಿದ್ದರು. ಧಣಿಯ ಹಕ್ಕಿ, ಕಂಪೆನಿಯ ಚುಕ್ಕೆ, ಎರಡನ್ನೂ ಸೇರಿಸಿದರೆ ಧಣಿಗೂ ಖುಷಿ, ಪೇಪರಿನವರಿಗೂ ಸುದ್ದಿ. ಜಗತ್ತಿನ ಯಾವ ಮೂಲೆಯಲ್ಲಿ ಕೂತವರಾದರೂ ಚೀರ್ ಕೋಳಿ ಈಗ ಎಲ್ಲಿದೆ ಎಂದು ನೋಡಬಹುದು! ಯಾಕೆ ನೋಡಬೇಕು ಎಂದು ಮಾತ್ರ ಯಾರೂ ಕೇಳಿರಲಿಲ್ಲ.

ನಾನು ಒಪ್ಪಿಕೊಂಡದ್ದು ಒಂದೇ ಕಾರಣಕ್ಕೆ. "ಲಾಂಚ್ ಆಗ್ಲಿ ಅಕ್ಕಾ, ನಿಮ್ಮ ಹಿಮಾಲಯದ ಪ್ರಾಜೆಕ್ಟಿಗೆ ಬೇಕಾದಷ್ಟು ಸೆಟ್ಟು ಫ್ರೀಯಾಗಿ ಕಳಿಸ್ತೀನಿ" ಎಂದು ಪ್ರಸಾದ್ ಮಾತು ಕೊಟ್ಟಿದ್ದ. ನಿಂತುಹೋದ ನನ್ನ ಕೆಲಸ ಮತ್ತೆ ಶುರುವಾಗುತ್ತದೆ ಎಂಬ ಆಸೆ. ಆ ಆಸೆಯಿಂದಲೇ ಹತ್ತಿರದ ಕ್ಯಾಂಪ್‌ಬೆಲ್ ಎಂಬ ಊರಿನ ಅವರ ಅಪಾರ್ಟ್‌ಮೆಂಟಿನ ಹಾಲಿನಲ್ಲಿ ಸೋಫಾ ಬಿಡಿಸಿ ಮಲಗಿದೆ, ದಿನಾ ಬೆಳಿಗ್ಗೆ ಕಂಪೆನಿಯ ಹುಡುಗ ಕುಮಾರನ ಕಾರಿನಲ್ಲಿ ಫ್ರೀವೇ ಹಿಡಿದು ಬೆಟ್ಟ ಹತ್ತಿದೆ.

ಕುಮಾರ ಹಾಸನದವನು. ಆ ಉಪಕರಣದ ಒಳಗಿನ ತಂತಿ, ಬ್ಯಾಟರಿಗಳೆಲ್ಲ ಅವನ ಕೈಕೆಲಸ. ಕೆಲಸದಲ್ಲಿ ಚುರುಕು, ಸ್ವಭಾವದಲ್ಲಿ ಹಿಟ್ಟಿನಷ್ಟು ಮೆತ್ತಗೆ. ಅವನ ವೀಸಾ ಪ್ರಸಾದನ ಸಹಿಯ ಮೇಲೆ ನಿಂತಿತ್ತು, ಹಾಗಾಗಿ ಪ್ರಸಾದ್ ಏನು ಹೇಳಿದರೂ ಅವನ ಬಾಯಲ್ಲಿ ಬರುತ್ತಿದ್ದ ಮಾತು "ಆಯ್ತು ಸಾರ್" ಒಂದೇ.

ಶುರುವಿನ ದಿನಗಳು ಚೆನ್ನಾಗಿದ್ದವು, ಅದನ್ನು ಇಲ್ಲ ಎನ್ನಲಾರೆ. ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ಬೆಟ್ಟ ಹಸಿರಾಗಿ ಹೊಳೆಯುತ್ತಿತ್ತು. ಸಮುದ್ರದ ಕಡೆಯಿಂದ ಮಂಜು ಬೆಟ್ಟದ ನೆತ್ತಿ ದಾಟಿ ಈಚೆಗೆ ನಿಧಾನವಾಗಿ ಇಳಿಯುತ್ತಿತ್ತು, ಹಾಲು ಉಕ್ಕಿದಂತೆ. ಆ ಮಂಜಿನೊಳಗಿಂದ ನಸುಕಿನಲ್ಲಿ ಚೀರ್ ಗಂಡುಗಳು ಕೂಗಿದಾಗ ನನಗೆ ಹಿಮಾಚಲದಲ್ಲೇ ಇದ್ದೇನೆ ಅನ್ನಿಸುತ್ತಿತ್ತು. ಕಂಬಗಳು ಹೇಳಿದ ಜಾಗ ಸರಿಯೇ ಎಂದು ಕೈಯಿಂದ ತಾಳೆ ನೋಡುವುದು ನನ್ನ ಕೆಲಸ. ಕಿವಿಗೆ ಹೆಡ್‌ಫೋನು ಹಾಕಿ, ಕೈಯಲ್ಲಿ ಆಂಟೆನಾ ಹಿಡಿದು ತಿರುಗಿಸಿದರೆ ಒಂದು ದಿಕ್ಕಿನಲ್ಲಿ ಟಿಕ್ ಟಿಕ್ ಜೋರಾಗುತ್ತದೆ. ಆ ದಿಕ್ಕಿಗೆ ನಕ್ಷೆಯಲ್ಲಿ ಗೆರೆ ಎಳೆಯಬೇಕು. ಇನ್ನೊಂದು ಕಡೆಯಿಂದ ಇನ್ನೊಂದು ಗೆರೆ. ಎರಡೂ ಕೂಡುವಲ್ಲಿ ಹಕ್ಕಿ. ಈ ಕೆಲಸದ ಮೊದಲ ನಿಯಮ ಎಂದರೆ ಹಕ್ಕಿಯ ಹತ್ತಿರ ಹೋಗಬಾರದು. ಅದು ಎಲ್ಲಿದೆ ಎಂದು ದೂರದಿಂದಲೇ ತಿಳಿಯುವುದಕ್ಕೆ ತಾನೇ ರೇಡಿಯೊ ಕಟ್ಟುವುದು? ಹೋಗಿ ಎಬ್ಬಿಸಿದರೆ ನಮಗೆ ಸಿಗುವುದು ಹಕ್ಕಿಯ ಬದುಕಲ್ಲ, ನಮಗೆ ಹೆದರಿ ಅದು ಓಡಿದ ಓಟ.

ಚೀರ್ ನೋಡುವುದಕ್ಕೆ ಅಂಥ ಚೆಂದದ ಹಕ್ಕಿಯೇನೂ ಅಲ್ಲ. ನವಿಲಿನ ಬಣ್ಣವಿಲ್ಲ. ಒಣಹುಲ್ಲು, ಕಲ್ಲು, ಮಣ್ಣು ಮೂರನ್ನೂ ಕಲಸಿ ಮೈಗೆ ಬಳಿದುಕೊಂಡ ಹಾಗಿರುತ್ತದೆ, ಉದ್ದ ಬಾಲ ಬೇರೆ. ಅದರ ಜಾಣತನವೆಲ್ಲ ಆ ಬಣ್ಣದಲ್ಲಿದೆ. ಅಪಾಯ ಕಂಡರೆ ಇದ್ದಲ್ಲೇ ಕುಸಿದು ಕೂತು ಉಸಿರು ಬಿಗಿಹಿಡಿಯುತ್ತದೆ. ನಾವು ಪಕ್ಕದಲ್ಲೇ ಹಾದುಹೋದರೂ ಕಾಣುವುದಿಲ್ಲ. ಹಾರುವುದು ಎಲ್ಲಕ್ಕಿಂತ ಕೊನೆಯ ದಾರಿ.

ಇದನ್ನೆಲ್ಲ ನಾನು ಕಂಪೆನಿಯ ಮೀಟಿಂಗಿನಲ್ಲಿ ಚಿತ್ರ ತೋರಿಸಿ ಹೇಳಿದ್ದೆ. ಅವರ ಮೀಟಿಂಗು ಎಂದರೆ ಅದೂ ಒಂದು ಹೇಸಿಗೆಯೇ. ಹಿಂದಿನ ದಿನದ ಪಿಜ್ಜಾ ಡಬ್ಬಿಗಳ ನಡುವೆ, ಮೇಜಿನ ಮೇಲೆ ಕಾಲು ಚಾಚಿಕೊಂಡು, ಜೀವ ಇರುವ ಹಕ್ಕಿಯನ್ನು "ಯೂನಿಟ್" ಎಂದು ಕರೆಯುತ್ತಿದ್ದರು. ವೆಬ್‌ಸೈಟಿನಲ್ಲಿ ಹಕ್ಕಿಗಳಿಗೆ ಹೆಸರಿಡಲು ಓಟು ಹಾಕಿಸಿದರು. ಕಾಲಿಗೆ ನೀಲಿ ಬಳೆ ಹಾಕಿದ್ದ ಒಂದು ಹೆಣ್ಣಿಗೆ ಕುಕೀ ಎಂಬ ಹೆಸರು ಬಂತು. ನಾನು ಅದನ್ನು ನೀಲಿ ಎಂದೇ ಕರೆದೆ.

ಯುಗಾದಿಯ ವಾರ ಕನ್ನಡದವರೆಲ್ಲ ಸೇರಿ ಕ್ಯಾಂಪ್‌ಬೆಲ್‌ನ ಒಂದು ಶಾಲೆಯಲ್ಲಿ ಹಬ್ಬ ಮಾಡಿದರು. ಮಾಲಿನಿ ನನ್ನನ್ನು ಅಲ್ಲಿ ಭಾಷಣಕ್ಕೆ ಹಾಕಿಸಿದ್ದಳು. ಹಿಮಾಲಯದ ಹಕ್ಕಿಗಳು ಎಂದು ನಾನು ಮಾತಾಡುತ್ತಿದ್ದರೆ ಮುಂದಿನ ಸಾಲಿನಲ್ಲಿ ಸ್ಟಾಕ್ ಆಪ್ಷನ್ನಿನ ಚರ್ಚೆ ನಡೆದಿತ್ತು. ಊಟದ ಹೊತ್ತಿಗೆ ಮಂಡ್ಯದ ಒಬ್ಬರು ಹತ್ತಿರ ಬಂದು, "ಗೌಜಲಕ್ಕಿ ಥರ ಇರ್ತದಾ ಮೇಡಂ? ಸಾರಿಗೆ ಎಂಗೆ?" ಎಂದು ಕೇಳಿದರು. ನಕ್ಕುಬಿಟ್ಟೆ. ಇಡೀ ದಿನದಲ್ಲಿ ಹಕ್ಕಿಯ ವಿಷಯವಾಗಿ ಒಂದು ಪ್ರಶ್ನೆ ಕೇಳಿದವರು ಅವರೊಬ್ಬರೇ.

ಅತ್ತ ನಾನು ಭಾಷಣ ಕುಟ್ಟುತ್ತಿರುವಾಗ ಇತ್ತ ಬೆಟ್ಟದಲ್ಲಿ ಬೇರೆಯೇ ಕೆಲಸ ನಡೆದಿತ್ತು. ಮರುದಿನ ಹೋದಾಗ ಹಕ್ಕಿ ಹಿಡಿಯುವ ಸಣ್ಣ ದೊಡ್ಡಿಯ ಹತ್ತಿರ ಬಣ್ಣದ ವಾಸನೆ ಗಮ್ಮೆನ್ನುತ್ತಿತ್ತು. ಹುಲ್ಲಿನ ಮೇಲೆ ಕಿತ್ತಳೆ ಬಣ್ಣದ ಹನಿ, ಪಕ್ಕದಲ್ಲಿ ಖಾಲಿ ಡಬ್ಬಿ, ಮುದುರಿದ ಪೇಪರು. ಕುಮಾರ ನನ್ನ ಮುಖ ನೋಡಲಾರದೆ ನೆಲ ನೋಡಿದ.

"ಏನೋ ಇದು?"

"ಮೂರು ಹಕ್ಕಿ ಹಿಡುದ್ವಿ ಅಕ್ಕಾ. ರೇಡಿಯೊ ಡಬ್ಬಿಗೆ ಕಂಪ್ನಿ ಕಲರ್ ಹೊಡೀಬೇಕು ಅಂದ್ರು ಮಾಲಿನಿ ಮೇಡಂ. ಫೋಟೊದಲ್ಲಿ ಕಾಣಕುಲ್ವಂತೆ."

"ಹಕ್ಕಿ ಬೆನ್ನ ಮೇಲಿದ್ದ ಹಾಗೇ ಹೊಡೆದ್ರಾ?"

"ಗರಿಗೆ ಪೇಪರ್ ಮುಚ್ಚಿದ್ವಿ ಅಕ್ಕಾ. ಆದ್ರೂ ವಸಿ ಬಿತ್ತು."

ರಸ್ತೆ ರಿಪೇರಿ ನಡೆಯುವಲ್ಲಿ ಬೋರ್ಡು ಇಡುತ್ತಾರಲ್ಲ, ಆ ಕಣ್ಣು ಕುಕ್ಕುವ ಕಿತ್ತಳೆ ಬಣ್ಣ. ದುರ್ಬೀನಿನಲ್ಲಿ ಹುಡುಕಿದೆ. ಹುಡುಕುವುದೇನು ಬಂತು, ಬರಿಗಣ್ಣಿಗೇ ಕಂಡವು. ಕಾಣದಂತೆ ಬದುಕುವುದೊಂದೇ ಗೊತ್ತಿದ್ದ ಹಕ್ಕಿಗಳು ಬೆನ್ನ ಮೇಲೆ ಜಾಹೀರಾತು ಹೊತ್ತುಕೊಂಡು, ನಾವು ಕಂಡೊಡನೆ ಎಂದಿನಂತೆ ಕುಸಿದು ಕೂತು, ತಮ್ಮನ್ನು ಯಾರೂ ನೋಡುತ್ತಿಲ್ಲ ಎಂದುಕೊಂಡಿದ್ದವು. ಬೇಲಿಗೆ ಕೈಯಾನಿಸಿ ನಿಂತು ಹಿಂದಿನ ದಿನದ ಒಬ್ಬಟ್ಟನ್ನೆಲ್ಲ ಕಕ್ಕಿದೆ.

ಸಂಜೆ ಮಾಲಿನಿಯನ್ನು ಹಿಡಿದು ಕೇಳಿದೆ. ಅವಳು ಕಂಪೆನಿಯ ಪ್ರಚಾರದ ಕೆಲಸ ನೋಡಿಕೊಳ್ಳುತ್ತಿದ್ದಳು.

"ಅಯ್ಯೋ ಅಕ್ಕಾ, ಬೆಟ್ಟ ತುಂಬ ಆರೆಂಜ್ ಪಾಪಿ ಹೂವೇ ಇದೆಯಲ್ಲೇ! ಬ್ಲೆಂಡ್ ಆಗುತ್ತೆ ಅಂತಾನೇ ಈ ಟೈಮಲ್ಲಿ ಮಾಡಿಸಿದ್ದು. ನಾನೂ ಯೋಚನೆ ಮಾಡ್ತೀನಿ."

ಹೂವು ಓಡಾಡುವುದಿಲ್ಲ ಕಣೇ ಎಂದೆ. ಬೇಲಿ ನರಿಯನ್ನು ತಡೆಯುತ್ತದೆ, ಆಕಾಶಕ್ಕೆ ಬೇಲಿಯಿಲ್ಲ ಎಂದೆ. ಎದುರು ಬೆಟ್ಟದ ಮರದಲ್ಲಿ ದೊಡ್ಡ ಹದ್ದುಗಳ ಜೋಡಿಯೊಂದು ಗೂಡು ಕಟ್ಟಿತ್ತು. ನಮ್ಮೂರಿನ ಹದ್ದಲ್ಲ, ಅದರ ಎರಡರಷ್ಟು ದೊಡ್ಡದು, ಕತ್ತಿನ ಮೇಲೆ ಹೊಂಬಣ್ಣ. ನೆಲದ ಅಳಿಲುಗಳನ್ನು ಎತ್ತಿಕೊಂಡು ಹೋಗುವುದನ್ನು ನಾನು ದಿನಾ ನೋಡುತ್ತಿದ್ದೆ. ಮಾಲಿನಿ ಎಲ್ಲ ಕೇಳಿಸಿಕೊಂಡು "ಫೋಟೋ ಶೂಟ್ ಆದ್ಮೇಲೆ ಒರೆಸಿಸ್ತೀನಿ" ಎಂದಳು.

ಆ ವಾರ ಮುಗಿಯುವುದರೊಳಗೆ ಮೂರರಲ್ಲಿ ಒಂದು ಎಳೆಯ ಗಂಡು ಹೋಯಿತು. ಟಿಕ್ ಟಿಕ್ ಹಿಡಿದು ಹೋದರೆ ಓಕ್ ಮರದ ಕೆಳಗೆ ಒಂದು ರಾಶಿ ಗರಿ, ಎರಡು ಕಾಲು, ರಕ್ತ ಮೆತ್ತಿದ ಕಿತ್ತಳೆ ಡಬ್ಬಿ. ಅದನ್ನು ತಂದು ಮೀಟಿಂಗಿನ ಮೇಜಿನ ಮೇಲೆ ಇಟ್ಟೆ, ನೋಡಿಯಾದರೂ ನಾಚಿಕೊಳ್ಳಲಿ ಎಂದು. ಪ್ರಸಾದ್ ಅದನ್ನು ಕಿವಿಯ ಹತ್ತಿರ ಹಿಡಿದು, ರಿಸೀವರ್ ಆನ್ ಮಾಡಿ, ಮುಖ ಅರಳಿಸಿದ.

"ಇನ್ನೂ ವರ್ಕ್ ಆಗ್ತಿದೆ! ಹದ್ದು ಕುಕ್ಕಿದ್ರೂ ಏನೂ ಆಗಿಲ್ಲ ನೋಡ್ರೋ. ಕುಮಾರ, ಸೂಪರ್ ಕಣೋ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಕುಮಾರನೂ ಪೆಚ್ಚಾಗಿ ನಕ್ಕ. ಮಾಲಿನಿ "ಗಟ್ಟಿತನದ ಬಗ್ಗೆ ಒಂದು ಲೈನು ಹಾಕ್ಬಹುದು" ಎಂದು ಬರೆದುಕೊಂಡಳು. ಆ ಡಬ್ಬಿಯನ್ನು ಯಾರೋ ಒರೆಸಿದ ಟಿಶ್ಯೂ ಪೇಪರು ಪಿಜ್ಜಾದ ಪಕ್ಕದಲ್ಲೇ ಬಿದ್ದಿತ್ತು. ಅಂಥ ಜನ.

ಎರಡನೆಯ ಹಕ್ಕಿಯನ್ನು ನಾನೂ ಕುಮಾರನೂ ಕಾಳು ಹಾಕಿ ಹಿಡಿದು, ಡಬ್ಬಿಯನ್ನೇ ಬಿಚ್ಚಿ ಬಿಟ್ಟೆವು. ಪ್ರಸಾದನಿಗೆ ಹೇಳಲಿಲ್ಲ, ಕಟ್ಟು ಸಡಿಲವಾಗಿ ಬಿದ್ದುಹೋಯಿತು ಎಂದೆವು. ರೇಡಿಯೊ ಕಟ್ಟಿದ್ದ ಮೂರರಲ್ಲಿ ಉಳಿದದ್ದು ನೀಲಿ ಒಬ್ಬಳೇ. ಅವಳು ಕಾಳಿಗೆ ಬರಲೇ ಇಲ್ಲ. ದಿನವಿಡೀ ನನ್ನ ಗೆರೆಗಳು ಒಂದೇ ಕಡೆ ಕೂಡತೊಡಗಿದವು: ಇಳಿಜಾರಿನ ಮೇಲ್ಭಾಗದ ಒಂದು ಬಂಡೆಯ ಬುಡ. ದಿನಕ್ಕೊಂದು ಸಲ, ಸ್ವಲ್ಪ ಹೊತ್ತು ಮಾತ್ರ ಟಿಕ್ ಟಿಕ್ ಅತ್ತಿತ್ತ ಸರಿದು ಮತ್ತೆ ಅಲ್ಲಿಗೇ ಬರುತ್ತಿತ್ತು. ನನಗೆ ಅರ್ಥವಾಯಿತು. ನೀಲಿ ಕಾವಿಗೆ ಕೂತಿದ್ದಳು.

ಅಲ್ಲಿಂದ ನನ್ನ ಜೀವ ಇಕ್ಕಟ್ಟಿಗೆ ಸಿಕ್ಕಿತು. ಗೂಡಿನಿಂದ ಹಿಡಿದೆತ್ತಿ ಬಣ್ಣ ತೆಗೆಯಲು ಹೋದರೆ ಮೊಟ್ಟೆ ಬಿಟ್ಟು ಓಡುತ್ತಾಳೆ, ಮತ್ತೆ ಬರಲಾರಳು. ಹಾಗೇ ಬಿಟ್ಟರೆ ಬೆನ್ನ ಮೇಲಿನ ಕಿತ್ತಳೆ ಹದ್ದನ್ನು ಕೂಗಿ ಕರೆಯುತ್ತದೆ. ಅವಳು ಮೇಯಲು ಎದ್ದು ಹೋದ ಹೊತ್ತು ನೋಡಿ ಒಮ್ಮೆ ಓಡಿಹೋಗಿ, ಒಣಗಿದ ಪೊದೆಯ ಕೊಂಬೆಗಳನ್ನು ಬಂಡೆಗೆ ಒರಗಿಸಿ ಮೇಲಿನಿಂದ ಕಾಣದಂತೆ ಮರೆಮಾಡಿ ಬಂದೆ. ಬುಡದಲ್ಲಿ ಹುಲ್ಲು ತಗ್ಗಿಸಿ ಮಾಡಿದ ಗುಳಿ, ಅದರ ತುಂಬ ಮಾಸಲು ಬಣ್ಣದ ಮೊಟ್ಟೆಗಳು. ಗೂಡು ಬಿಟ್ಟು ಏಳದಿದ್ದರೆ ಅವಳು ಬದುಕುತ್ತಾಳೆ ಎಂಬುದಷ್ಟೇ ನನ್ನ ಲೆಕ್ಕ. ಮೇ ತಿಂಗಳ ಹೊತ್ತಿಗೆ ಹುಲ್ಲು ಒಣಗಿ ಬೆಟ್ಟವೆಲ್ಲ ಹಳದಿಯಾಯಿತು, ಪಾಪಿ ಹೂವುಗಳು ಉದುರಿಹೋದವು. ಕಿತ್ತಳೆ ಎನ್ನುವುದು ಇಡೀ ಬೆಟ್ಟದಲ್ಲಿ ನೀಲಿಯ ಬೆನ್ನ ಮೇಲೆ ಮಾತ್ರ ಉಳಿಯಿತು. ಹೆಚ್ಚುಕಡಿಮೆ ಇಪ್ಪತ್ತು ದಿನ ಅವಳು ಹಾಗೆ ಕೂತಳು, ನಾನು ಎದುರು ದಿಬ್ಬದಲ್ಲಿ ಆಂಟೆನಾ ಹಿಡಿದು ಕೂತೆ.

ಆದರೆ ನಕ್ಷೆಯ ಮೇಲಿನ ಚುಕ್ಕೆ ಅಲ್ಲಾಡುತ್ತಿರಲಿಲ್ಲ. ವೆಬ್‌ಸೈಟು ನೋಡುವವರಿಂದ ಈಮೇಲುಗಳು ಬಂದವು: ಕುಕೀ ಸತ್ತಿದೆಯೇ? ನಿಮ್ಮ ಸೈಟು ಹ್ಯಾಂಗ್ ಆಗಿದೆಯೇ? ಲಾಂಚ್ ಪಾರ್ಟಿಯ ದಿನ ಹತ್ತಿರ ಬಂದಿತ್ತು. ಹ್ಯಾಲ್ ತನ್ನ ಬೆಟ್ಟದಲ್ಲೇ ಬಿಳಿ ಟೆಂಟು ಹಾಕಿಸಿ, ಇನ್ನಷ್ಟು ದುಡ್ಡು ಹಾಕುವವರನ್ನೂ ಪತ್ರಿಕೆಯವರನ್ನೂ ಕರೆದಿದ್ದ. ಹಿಂದಿನ ದಿನ ಪ್ರಸಾದ್ ನನ್ನನ್ನು ಪಕ್ಕಕ್ಕೆ ಕರೆದ.

"ಅಕ್ಕಾ, ನಾಳೆ ಒಂದೈದು ನಿಮಿಷ ಕುಕೀನ ಎಬ್ಬಿಸ್ಬೇಕಲ್ಲ."

"ಮೊಟ್ಟೆಗೆ ಕೂತಿದ್ದಾಳೆ ಪ್ರಸಾದ್. ಇನ್ನೊಂದು ನಾಲ್ಕೈದು ದಿನ. ಮರಿಯಾದ್ಮೇಲೆ ತಾನಾಗೇ ಮರಿ ಕರ್ಕೊಂಡು ಬೆಟ್ಟ ಪೂರ್ತಿ ಓಡಾಡ್ತಾಳೆ. ಪಾರ್ಟಿನ ಒಂದು ವಾರ ಮುಂದಕ್ಕೆ ಹಾಕಿ."

"ಡೇಟ್ ಶಿಫ್ಟ್ ಮಾಡಕ್ಕಾಗಲ್ಲ ಅಕ್ಕಾ. ಕೇಟರಿಂಗ್ ಎಲ್ಲಾ ಬುಕ್ಕಾಗಿದೆ. ಎದ್ದು ಒಂದು ರೌಂಡ್ ಹೋಗಿ ಬಂದು ಮತ್ತೆ ಕೂತ್ಕೊಳ್ಳಲಿ, ಅಷ್ಟೇ ತಾನೇ?"

"ಎದ್ದರೆ ಆ ಬಣ್ಣಕ್ಕೆ ಹದ್ದು ಎತ್ತಿಕೊಂಡು ಹೋಗುತ್ತೆ."

ಅವನು ವಾಚು ನೋಡಿಕೊಂಡ. ಆಗ ನಾನು, ಜೀವಮಾನದಲ್ಲಿ ಒಂದು ಸುಳ್ಳು ಗೆರೆ ಎಳೆಯದವಳು, ಬಾಯಿಬಿಟ್ಟು ಬೇಡಿಕೊಂಡೆ: "ಪ್ರಸಾದ್, ನಿಮಗೆ ಬೇಕಿರೋದು ಚುಕ್ಕೆ ಓಡೋದು ತಾನೇ? ಓಡಿಸಿ. ಕುಮಾರನಿಗೆ ಹೇಳಿದ್ರೆ ಒಂದು ಪ್ರೋಗ್ರಾಂ ಬರೀತಾನೆ. ಚೀರ್ ಹೇಗೆ ಓಡಾಡುತ್ತೆ ಅಂತ ನಾನೇ ಕೂತು ದಾರಿ ಹಾಕಿಕೊಡ್ತೀನಿ. ಯಾರಿಗೂ ಗೊತ್ತಾಗಲ್ಲ. ಹಕ್ಕಿ ತಂಟೆಗೆ ಮಾತ್ರ ಹೋಗಬೇಡಿ."

ಪ್ರಸಾದನ ಮುಖ ಗಂಭೀರವಾಯಿತು. ನಾನು ಏನೋ ಹೊಲಸು ಮಾತಾಡಿದೆ ಎನ್ನುವಂತೆ ಒಂದು ಹೆಜ್ಜೆ ಹಿಂದೆ ಸರಿದ.

"ಅಕ್ಕಾ, ನೀವು ಸೈಂಟಿಸ್ಟ್ ಆಗಿ ಹೀಗೆ ಹೇಳ್ತೀರಾ? ಫೇಕ್ ಡೇಟಾನಾ? ನಾವು ಆ ಥರ ಕಂಪೆನಿ ಅಲ್ಲ. ಸ್ಕ್ರೀನ್ ಮೇಲೆ ಏನು ತೋರಿಸ್ತೀವೋ ಅದು ನಿಜವಾಗ್ಲೂ ಆಗ್ತಿರ್ಬೇಕು. ಅದೊಂದು ಪ್ರಿನ್ಸಿಪಲ್ ನಾನು ಬಿಡಲ್ಲ."

ನಾಟಕವಾಗಿದ್ದರೆ ಸಹಿಸುತ್ತಿದ್ದೆ. ಅವನು ಮನಸಾರೆ ಹೇಳುತ್ತಿದ್ದ. ಅವನ ಕಣ್ಣಿನಲ್ಲಿ ನನ್ನ ಬಗ್ಗೆ ನಿಜವಾದ ಬೇಸರವಿತ್ತು. ಕಳ್ಳರನ್ನು ಕಂಡರೆ ಸಿಟ್ಟು ಬರುತ್ತದೆ. ಇಂಥ ಸಾಚಾ ಮನುಷ್ಯನನ್ನು ಕಂಡು ಬಂದದ್ದು ಅಸಹ್ಯ, ಮೈಮೇಲೆ ಏನೋ ಹರಿದ ಹಾಗೆ.

ಮಾಲಿನಿಯ ಹತ್ತಿರ ಹೋದೆ. "ಅವರು ಪಾಪ ಎಷ್ಟು ಸ್ಟ್ರೆಸ್‌ನಲ್ಲಿದ್ದಾರೆ ಗೊತ್ತಾ ಅಕ್ಕಾ?" ಎಂದಳು. ಹ್ಯಾಲ್ ಹತ್ತಿರವೂ ಹೋದೆ. ಅವನು ನಗುನಗುತ್ತಾ ನನ್ನ ಭುಜ ತಟ್ಟಿ, ಹಕ್ಕಿಗಳು ತನ್ನವು, ಬೇಕಾದರೆ ಇನ್ನೊಂದು ಜೊತೆ ತರಿಸುತ್ತೇನೆ ಎಂದ.

ಪಾರ್ಟಿಯ ದಿನ ಮಧ್ಯಾಹ್ನ ಬೆಟ್ಟದಲ್ಲಿ ಮೋಡ ಒಂದೂ ಇರಲಿಲ್ಲ. ಟೆಂಟಿನಲ್ಲಿ ಗೋಡೆಯಗಲದ ಪರದೆ, ಅದರ ಮೇಲೆ ಬೆಟ್ಟದ ನಕ್ಷೆ, ನಡುವೆ ಕದಲದ ಕಿತ್ತಳೆ ಚುಕ್ಕೆ. ಕಂಪೆನಿಯವರೆಲ್ಲ ಅದೇ ಬಣ್ಣದ ಟೀ ಶರ್ಟು ತೊಟ್ಟಿದ್ದರು. ನನಗೂ ಒಂದು ಕೊಟ್ಟರು, ನಾನು ಹಾಕಲಿಲ್ಲ. ಪ್ರಸಾದ್ ಭಾಷಣ ಮಾಡಿದ. ಎಲ್ಲವೂ ಲೈವ್, ಎಲ್ಲವೂ ನಿಜ ಎಂದ. ಬನ್ನಿ, ಕುಕೀಯನ್ನು ಮಾತಾಡಿಸಿಕೊಂಡು ಬರೋಣ ಎಂದು ಏಳೆಂಟು ಜನರನ್ನು ಎಬ್ಬಿಸಿಕೊಂಡು ಹೊರಟ.

ನಾನು ಕಾಲುದಾರಿಗೆ ಅಡ್ಡ ನಿಂತೆ. ಗೂಡಿನ ಹತ್ತಿರವೇ ಹೋಗಿ ನಿಲ್ಲುವ ಹಾಗಿರಲಿಲ್ಲ, ನಿಂತರೆ ಎಬ್ಬಿಸಿದವಳು ನಾನೇ ಆಗುತ್ತಿದ್ದೆ. "ದಯವಿಟ್ಟು" ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹೇಳಿದೆ. ಅವರು ನಕ್ಕು, "ಎಕ್ಸ್‌ಕ್ಯೂಸ್ ಮೀ" ಎಂದು ಎಷ್ಟು ಮರ್ಯಾದೆಯಾಗಿ ನನ್ನನ್ನು ಸುತ್ತುಬಳಸಿ ಹೋದರೆಂದರೆ, ತಳ್ಳಿಕೊಂಡು ಹೋಗಿದ್ದರೆ ಎಷ್ಟೋ ವಾಸಿ ಅನ್ನಿಸಿತು. ಕೈಯಲ್ಲಿ ವೈನಿನ ಗ್ಲಾಸು ಹಿಡಿದೇ ಹತ್ತಿದರು. ನಾನು ಟೆಂಟಿನ ಬಾಗಿಲ ಹತ್ತಿರ ಬಂದು, ಒಂದು ಕಿವಿಗೆ ಹೆಡ್‌ಫೋನು ಹಾಕಿ ಆಂಟೆನಾ ಎತ್ತಿದೆ. ಟೆಂಟಿನಲ್ಲಿ ಪರದೆಯ ಮುಂದೆ ಕೂತ ಕುಮಾರ ವಾಕಿಟಾಕಿಯಲ್ಲಿ ದಾರಿ ಹೇಳುತ್ತಿದ್ದ: "ಸಾರ್, ಎಡಕ್ಕೆ... ಇನ್ನೂ ವಸಿ ಮೇಲೆ... ಅಲ್ಲೇ ಸಾರ್, ಆ ಬಂಡೆ." ನಮ್ಮ ಯಂತ್ರ ಅಷ್ಟು ಚೆನ್ನಾಗಿ ಕೆಲಸ ಮಾಡುತ್ತಿತ್ತು.

ನೀಲಿ ಕೊನೆಯವರೆಗೂ ಕೂತಳು. ನಾನು ಒರಗಿಸಿದ್ದ ಕೊಂಬೆಗಳನ್ನು ಯಾರೋ ಎತ್ತಿ ಪಕ್ಕಕ್ಕೆ ಎಸೆದರು, ಆಗಲೂ ಕೂತಿದ್ದಳು. ಒಬ್ಬನ ಬೂಟು ಇನ್ನೇನು ಅವಳ ಬಾಲದ ಮೇಲೆ ಬೀಳಬೇಕು, ಆಗ ಚೀರಿಕೊಂಡು ಎದ್ದಳು. ಕತ್ತರಿಸಿದ ರೆಕ್ಕೆಯಿಂದ ಒಂದು ಕಡೆಗೆ ವಾಲಿಕೊಂಡು, ಹಳದಿ ಹುಲ್ಲಿನ ಮೇಲೆ ಉರುಳುವಂತೆ ಇಳಿಜಾರಿನಲ್ಲಿ ಹಾರಿದಳು. ಬಿದ್ದು ಓಡಿದಳು, ಮತ್ತೆ ಹಾರಿದಳು. ಎಲ್ಲಿದ್ದರೂ ಆ ಕಿತ್ತಳೆ ಕಾಣುತ್ತಿತ್ತು. ಟೆಂಟಿನಲ್ಲಿ ಚುಕ್ಕೆ ಓಡಿತೆಂದು ಹೋ ಎಂಬ ಕೂಗೆದ್ದಿತು. ಹದ್ದು ಯಾವ ಕಡೆಯಿಂದ ಬಂತೋ ನಾನು ನೋಡಲಿಲ್ಲ. ನೆಲದ ಮೇಲೆ ನೆರಳು ಹರಿದದ್ದನ್ನು ನೋಡಿದೆ, ಧೂಳೆದ್ದದ್ದನ್ನು ನೋಡಿದೆ.

ನನ್ನ ಕಿವಿಯಲ್ಲಿ ಹೆಡ್‌ಫೋನಿತ್ತು. ಬಂಡೆ, ಪೊದೆ, ಮಣ್ಣು ಅಡ್ಡವಿದ್ದಾಗ ಸಣ್ಣಗೆ ಕೇಳುತ್ತಿದ್ದ ಟಿಕ್ ಟಿಕ್ ಒಮ್ಮೆಗೇ ಸ್ಪಷ್ಟವಾಯಿತು, ಜೋರಾಯಿತು. ಅಷ್ಟು ಶುದ್ಧವಾಗಿ ಅದನ್ನು ನಾನು ಎಂದೂ ಕೇಳಿರಲಿಲ್ಲ. ಅಡ್ಡ ಏನೂ ಇರಲಿಲ್ಲ, ನೀಲಿ ಆಕಾಶದಲ್ಲಿದ್ದಳು.

ಟೆಂಟಿನಲ್ಲಿ ಚಪ್ಪಾಳೆ ನಿಲ್ಲಲೇ ಇಲ್ಲ. ಚುಕ್ಕೆ ಬೇಲಿ ದಾಟಿತು. ಬೇಲಿಯಾಚೆಯ ಜಾಗವೂ ಕಾಣುವಂತೆ ಕುಮಾರ ನಕ್ಷೆಯನ್ನು ಹಿಗ್ಗಿಸಿದ. ಅದು ಬೆಟ್ಟದ ನೆತ್ತಿಯ ಕಡೆಗೆ ಸಾಗಿತು, ಇನ್ನೂ ಹಿಗ್ಗಿಸಿದ. ಪ್ರಸಾದ್ ಮೇಲಿನಿಂದ ಇಳಿದು ಓಡಿಬಂದ.

"ನೋಡಿದ್ರಾ ಅಕ್ಕಾ! ಎಷ್ಟು ದೂರ ಹೋಗ್ತಿದೆ, ಸಿಗ್ನಲ್ ಒಂಚೂರೂ ಡ್ರಾಪ್ ಆಗಿಲ್ಲ!"

"ಅವಳ ರೆಕ್ಕೆ ಕತ್ತರಿಸಿದ್ದಾರೆ ಪ್ರಸಾದ್. ಹಾರ್ತಿರೋದು ಅವಳಲ್ಲ."

"ಗೊತ್ತು ಅಕ್ಕಾ, ನಾನೂ ನೋಡ್ದೆ. ತುಂಬಾ ಬೇಜಾರಾಯ್ತು" ಎಂದ. ಒಂದು ಗಳಿಗೆ ತಲೆ ತಗ್ಗಿಸಿಯೂ ತಗ್ಗಿಸಿದ. "ಆದ್ರೆ ರೇಂಜ್ ನೋಡಿ."

ಅವನ ಮುಖಕ್ಕೆ ಉಗಿಯಬೇಕೆನಿಸಿತು. ಉಗಿಯುವಷ್ಟು ಹೊತ್ತೂ ಇರಲಿಲ್ಲ. ಹೆಡ್‌ಫೋನು ಕಿತ್ತೆಸೆದು ಬಂಡೆಯ ಬುಡಕ್ಕೆ ಓಡಿದೆ. ಗುಳಿಯ ಪಕ್ಕದಲ್ಲಿ ಯಾರೋ ಗ್ಲಾಸು ಇಟ್ಟು ಮರೆತು ಹೋಗಿದ್ದರು. ಎರಡು ಮೊಟ್ಟೆ ಬೂಟಿಗೆ ಸಿಕ್ಕಿ ಅಪ್ಪಚ್ಚಿಯಾಗಿದ್ದವು, ಒಳಗೆ ರೂಪುಗೊಂಡ ಮರಿ ಕಾಣುತ್ತಿತ್ತು. ಉಳಿದವು ಬಿಸಿಯಾಗಿದ್ದವು. ಒಂದನ್ನು ಎತ್ತಿ ಕಿವಿಗಿಟ್ಟುಕೊಂಡೆ. ಒಳಗಿನಿಂದ ಮರಿ ಚಿಂವ್‌ಗುಟ್ಟುತ್ತಿತ್ತು. ಒಡೆದು ಹೊರಬರುವ ಮುಂಚೆ ಅವು ತಾಯಿಯ ಜೊತೆ ಹೀಗೆ ಮಾತಾಡುತ್ತವೆ. ತಾಯಿ ಉತ್ತರ ಕೊಡುತ್ತಾಳೆ.

ಸ್ವೆಟರಿನೊಳಗೆ ಮೊಟ್ಟೆಗಳನ್ನು ಹೊಟ್ಟೆಗೆ ಒತ್ತಿ ಹಿಡಿದು ಇಳಿದೆ. ಟೆಂಟಿನ ಬಾಗಿಲಲ್ಲಿ ಮಾಲಿನಿ ಕ್ಯಾಮೆರಾ ಹಿಡಿದು ಎದುರಾದಳು. "ಅಕ್ಕಾ, ಒಂದು ನಿಮಿಷ ಹಾಗೇ ನಿಂತ್ಕೋ. ಎಷ್ಟು ಮುದ್ದಾಗಿದೆ!" ಎಂದಳು. ನಾನು ನಿಲ್ಲಲಿಲ್ಲ. "ದಾರಿ ಬಿಡೇ ಹೇಸಿಗೆಯವಳೇ" ಎಂದೆ. ಚಿಕ್ಕಪ್ಪನ ಮಗಳಿಗೆ ನಾನು ಅಂದ ಕೊನೆಯ ಮಾತು ಅದು.

ಹ್ಯಾಲ್‌ನ ಕೋಳಿಮನೆಯಲ್ಲಿ ಮೊಟ್ಟೆಗೆ ಕಾವು ಕೊಡುವ ಯಂತ್ರವಿತ್ತು. ಅದರೊಳಗೆ ಇಟ್ಟು ಬಾಗಿಲು ಹಾಕಿ, ಮುಂದೆಯೇ ಕುರ್ಚಿ ಎಳೆದುಕೊಂಡು ಕೂತೆ. ಮುಂದಿನ ಎರಡು ದಿನ ಅಲ್ಲಿಂದ ಕದಲಲಿಲ್ಲ. ಕ್ಯಾಂಪ್‌ಬೆಲ್‌ಗೆ ಹೋಗಲಿಲ್ಲ. ಕುಮಾರ ತಂದುಕೊಡುತ್ತಿದ್ದ ಮೊಸರನ್ನವನ್ನು ಅವನ ಮುಖ ನೋಡದೆ ತಿಂದೆ. ಮೂರನೆಯ ದಿನ ಬೆಳಿಗ್ಗೆ ಐದು ಮರಿಗಳಾದವು. ಒದ್ದೆಯಾಗಿ, ಕಣ್ಣರಳಿಸಿಕೊಂಡು, ಒಂದರ ಮೇಲೊಂದು ಬಿದ್ದುಕೊಂಡು, ಒಣಹುಲ್ಲು ಕಲ್ಲು ಮಣ್ಣಿನ ಬಣ್ಣ ಹೊತ್ತುಕೊಂಡೇ ಬಂದಿದ್ದವು. ನನಗೆ ಆಗ ಅಳು ಬಂತು.

ಸುದ್ದಿ ಕೇಳಿ ಪ್ರಸಾದ್ ಬಂದ. ಕೈಯಲ್ಲಿ ಸಿಹಿಯ ಡಬ್ಬಿ ಇತ್ತು. ಯಂತ್ರದ ಗಾಜಿಗೆ ಮೂಗು ಒತ್ತಿ ಬಹಳ ಹೊತ್ತು ನೋಡಿದ. ಅವನ ಕಣ್ಣೂ ಒದ್ದೆಯಾಗಿತ್ತು, ಸುಳ್ಳು ಹೇಳಲಾರೆ.

"ನಿಮ್ಮಿಂದಾನೇ ಅಕ್ಕಾ ಇವು ಬದುಕಿದ್ದು. ಹಿಮಾಲಯಕ್ಕೆ ಕೊಡ್ತೀನಿ ಅಂದಿದ್ನಲ್ಲ, ಆ ಸೆಟ್ಟುಗಳನ್ನ ಪ್ಯಾಕ್ ಮಾಡಿಸಿದೀನಿ."

"ನಿಮ್ಮ ಕೈಯಿಂದ ನನಗೇನೂ ಬೇಡ" ಎಂದೆ. ಹಾಗೆ ಹೇಳುವಾಗ ಎದುರಿಗೆ ಹಿಮಾಚಲದ ಆ ಹುಲ್ಲುಬೆಟ್ಟಗಳು ಬಂದು ನಿಂತವು. ಮತ್ತೆ ಅಲ್ಲಿಗೆ ಕೆಲಸಕ್ಕೆ ಹೋಗುವ ದಾರಿ ಮುಚ್ಚಿತು ಎಂದು ಗೊತ್ತಿತ್ತು. ಮುಂದೆಯೂ ಅದು ತೆರೆಯಲಿಲ್ಲ.

ಪ್ರಸಾದ್ ನೊಂದುಕೊಂಡ. ಆಮೇಲೆ, ಇಷ್ಟು ವಿಷಯ ತಿಳಿದವಳು ಹೊರಟುಹೋಗುವ ಮುಂಚೆ ಕೇಳಿಬಿಡೋಣ ಎನ್ನುವಂತೆ, ತಗ್ಗಿದ ದನಿಯಲ್ಲಿ, ತುಂಬ ಗೌರವದಿಂದ ಕೇಳಿದ:

"ಅಕ್ಕಾ, ಇಷ್ಟು ಚಿಕ್ಕ ಮರಿಗೆ ಎಷ್ಟು ಗ್ರಾಂ ತನಕ ರೇಡಿಯೊ ಕಟ್ಟಬಹುದು?"

ನಾನು ತಿರುಗಿ ನೋಡಿದೆ. ಅವನ ಹಿಂದೆ ಬಾಗಿಲಲ್ಲಿ ಕುಮಾರ ನಿಂತಿದ್ದ. ಆಗಲೇ ತಕ್ಕಡಿ ತಂದಿದ್ದ.